ಸಾಲು ತಿರುಗಿದ ಬೆಲ್ಲ

ಸಾವಿರದ ಒಂಬೈನೂರ ಎಂಬತ್ತೊಂದು, ಜನವರಿ ತಿಂಗಳು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಪುಣೆಯ ಪೂರ್ವದ ಅಂಚಿನಲ್ಲಿ ಸೊಲ್ಲಾಪುರ ರಸ್ತೆಗೆ ಹತ್ತಿಕೊಂಡಿದ್ದ ನಮ್ಮ ದವಾಖಾನೆ. ಹಾಜರಿದ್ದವರು ಡಾಕ್ಟರು, ಕಂಪೌಂಡರ್ ಮತ್ತು ನಾನು.

ಹೀಗೆ ಆರಂಭಿಸದಿದ್ದರೆ ನನಗೆ ಬರೆಯಲು ಕೈಯೇ ಓಡುವುದಿಲ್ಲ. ನಾನು ನರ್ಸಿಂಗ್ ಕಲಿತದ್ದು ಒಂದು ಮಿಷನ್ ಆಸ್ಪತ್ರೆಯಲ್ಲಿ. ಅಲ್ಲಿ ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಉಣ್ಣಬೇಕು. ಹಾಸಿಗೆಯ ಮೂಲೆ ಸರಿಯಾಗಿ ಮಡಚಿರದಿದ್ದರೆ ಮೇಟ್ರನ್ ಇಡೀ ಹಾಸಿಗೆಯನ್ನು ಕಿತ್ತು ನೆಲಕ್ಕೆ ಹಾಕುತ್ತಿದ್ದರು. ವರದಿ ಒಪ್ಪಿಸುವಾಗ ಮೊದಲು ದಿನ, ವೇಳೆ, ಯಾರಿದ್ದರು ಎಂಬುದು. ನಂತರ ಕಣ್ಣಿಗೆ ಕಂಡದ್ದು. ನಮಗೆ ಅನಿಸಿದ್ದು ಕಟ್ಟಕಡೆಗೆ, ಅದೂ ಕೇಳಿದರೆ ಮಾತ್ರ. ಧಾರವಾಡದಿಂದ ಮದುವೆಯಾಗಿ ಬಂದು ಪುಣೆಯ ಬಿಬವೇವಾಡಿಯಲ್ಲಿ ಮನೆ ಹೂಡಿದ ಮೇಲೂ ಆ ಕ್ರಮ ನನ್ನನ್ನು ಬಿಡಲಿಲ್ಲ. ಆದರೆ ಆ ಸೋಮವಾರ ಯಾರೂ ಕೇಳದೆಯೇ ನನಗೆ ಅನಿಸಿದ್ದನ್ನು ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಅದಕ್ಕಾಗಿ ಈವರೆಗೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಈಗ ದವಾಖಾನೆಯ ಹತ್ತಿರದ ಮಗರಪಟ್ಟಾದಲ್ಲಿ ನಿಂತು ಕತ್ತೆತ್ತಿದರೆ ಗಾಜಿನ ಕಟ್ಟಡಗಳು ಕಾಣುತ್ತವೆ. ಆಗ ಆ ದಿಕ್ಕಿಗೆಲ್ಲ ಕಬ್ಬು, ಮೆಂತ್ಯ, ಈರುಳ್ಳಿ. ಕಾಲುವೆಯ ಗುಂಟ ಹೋದರೆ ದ್ರಾಕ್ಷಿ ತೋಟಗಳು. ತೋಟದ ಮಾಲಕರು ಮರಾಠಿಯವರು. ದುಡಿಯುವವರು ನಮ್ಮ ಗುಲಬರ್ಗಾ, ಯಾದಗಿರಿ ಕಡೆಯ ಮಂದಿ. ಊರಿನವನೇ ಒಬ್ಬ ಮುಕಾದಮ ಇರುತ್ತಿದ್ದ. ಅವನು ಕೂಲಿಯವರನ್ನು ಕೂಡಿಸಿಕೊಂಡು ಬಂದು, ಕೆಲಸ ಹಚ್ಚಿ, ಕಾಲುವೆಯ ದಂಡೆಯ ಗುಡಿಸಿಲುಗಳಲ್ಲಿ ಇಳಿಸುತ್ತಿದ್ದ. ಗಂಡಸರು ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುತ್ತಿದ್ದರು. ಹುಳಕ್ಕೆ ಹೊಡೆಯುವ ಆ ವಿಷಕ್ಕೆ ಅವರು ಎಣ್ಣಿ ಎನ್ನುತ್ತಿದ್ದರು, ಮಾಲಕರು ಔಷಧ ಎನ್ನುತ್ತಿದ್ದರು. ಹೆಂಗಸರು ಚಪ್ಪರದ ಕೆಳಗೆ ಮುಖ ಮೇಲೆತ್ತಿ ನಿಂತು, ಗೊಂಚಲಿನಲ್ಲಿ ಒತ್ತಾಗಿದ್ದ ಎಳೆಕಾಯಿಗಳನ್ನು ಸಣ್ಣ ಕತ್ತರಿಯಿಂದ ಬಿಡಿಸುತ್ತಿದ್ದರು. ಮುಂಜಾನೆ ಹೊಡೆದ ಎಣ್ಣೆ ಎಲೆಯ ಮೇಲೆ ಇನ್ನೂ ಹಸಿಯಾಗಿರುವಾಗಲೇ ಅವರು ಒಳಗೆ ಹೋಗಬೇಕಾಗುತ್ತಿತ್ತು. ಹನಿ ಹಣೆಗೆ ಬೀಳುತ್ತಿತ್ತು, ಕಣ್ಣಿಗೆ ಬೀಳುತ್ತಿತ್ತು. ಸೆರಗಿನಿಂದ ಒರೆಸಿಕೊಂಡು, ತಂತಿಗೆ ಸಿಕ್ಕದಿರಲೆಂದು ಅದೇ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು.

ಇವರಲ್ಲಿ ಯಾರಾದರೂ ವಾಂತಿ ಮಾಡಿಕೊಂಡು ಬಂದರೆ ಕಾರಣಗಳು ಸಿದ್ಧವಾಗಿರುತ್ತಿದ್ದವು. ಗಂಡಸಾದರೆ ಕುಡಿತ. ಹೆಂಗಸಾದರೆ ಬಸಿರು, ಇಲ್ಲವೆ ಉಪವಾಸ. ಮುದುಕರಾದರೆ ಉಷ್ಣ. ಕಾರಣ ಕೊಡುವವರು ಪಂಪು ಹೊತ್ತವರಲ್ಲ ಎಂಬುದನ್ನು ಮಾತ್ರ ನಾನು ಗಮನಿಸುತ್ತಿದ್ದೆ.

ಆ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಒಬ್ಬನನ್ನು ಮಲಗಿಸಿಕೊಂಡು ಬಂದರು. ಅವನ ಗುರುತು ನನಗೆ ಕೂಡಲೇ ಹತ್ತಿತು. ಹಿಂದಿನ ಗುರುವಾರವಷ್ಟೇ ಇದೇ ಸ್ಥಿತಿಯಲ್ಲಿ ಬಂದಿದ್ದ. ಆಗ ಡಾಕ್ಟರು ಸೂಜಿಮದ್ದು ಕೊಟ್ಟು ಎಬ್ಬಿಸಿ, ಈ ಹಂಗಾಮು ಮುಗಿಯುವ ತನಕ ಪಂಪು ಮುಟ್ಟಬೇಡ ಎಂದು ಕಟ್ಟಪ್ಪಣೆ ಮಾಡಿ ಕಳಿಸಿದ್ದರು. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಈಗ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಚಳಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿತ್ತು, ತೋಳಿನ ಮಾಂಸ ಅಲ್ಲಲ್ಲಿ ತಾನೇ ತಾನಾಗಿ ಹಾರುತ್ತಿತ್ತು. ಗಾಡಿಯಲ್ಲಿ ಅವನ ಹೆಂಡತಿ ಇದ್ದಳು. ಮುಂದೆ ಹಳದಿ ರುಮಾಲು ಸುತ್ತಿದ ಮುಕಾದಮ. ಅವಳಿಗೆ ಅವನು ಸೋದರಮಾವ.

“ಏನಾಗ್ಯದ?” ಎಂದೆ.

“ಏನಾಗೂದದರಿ ಬಾಯಾರ, ಕುಡದಾನ,” ಎಂದ ಮುಕಾದಮ. “ಒಂದು ತಾಕತ್ತಿನ ಸೂಜಿ ಹಾಕಿ ಕಳಸ್ರಿ. ನಾಳಿ ಮುಂಜಾನಿ ಪಂಪ್ ಹೊರಬೇಕು ಇಂವ.”

“ಯಾರು ಕುಡದಾರ?” ಹೆಂಡತಿ ಗಾಡಿಯಿಂದ ಜಿಗಿದಳು. “ನೀ ಕುಡದಿ ಏನು ಮಾಮಾ? ಗುರುವಾರದಿಂದ ಈ ಮನಶ್ಯಾ ಗುಡಿಸಲಾ ಬಿಟ್ಟು ಹೊರಗ ಬಂದಿಲ್ಲ. ನೀರು ಬೇಕಾದ್ರ ಸೈತ ನನ್ನ ಕೇಳ್ತಾನ.”

“ಅದಽ ನಾನೂ ಅನ್ನೂದು!” ಮುಕಾದಮ ನನ್ನ ಕಡೆ ತಿರುಗಿ ಬೆರಳು ಎತ್ತಿದ. “ನೀವು ಪಂಪ್ ಮುಟಬ್ಯಾಡ ಅಂದ್ರಿ, ಮುಟ್ಟಿಲ್ಲ. ಬ್ಯಾರೇದಾಂವನ ಹಚ್ಚಿದೆ. ಎಣ್ಣಿ ಮುಟ್ಟಲಾರದಽ ಬಿದ್ದಾನ ಅಂದಮ್ಯಾಲ ಎಣ್ಣಿದೇನು ತಪ್ಪು? ಹೇಳ್ರಿ ನೋಡೂಣು.”

ಮಾತು ನೇರವಾಗಿತ್ತು. ಕುಡಿದಿದ್ದಾನೆಂಬುದು ಸುಳ್ಳೆಂದು ನನಗೆ ಗೊತ್ತಿತ್ತು, ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ. ಆದರೆ ಎಣ್ಣೆ ಮುಟ್ಟದೆ ಬಿದ್ದದ್ದು ಹೇಗೆಂದು ಮೈ ನೋಡಿಯೇ ತಿಳಿಯಬೇಕಿತ್ತು.

ಒಳಗೆ ಬೆಂಚಿನ ಮೇಲೆ ಮಲಗಿಸಿದೆವು. ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಕರಿಯ ಬೊಟ್ಟು ಗುಂಡುಸೂಜಿಯ ಮೊನೆಯಷ್ಟಾಗಿತ್ತು. ಆ ಕೋಣೆಯಲ್ಲಿ ಬೆಳಕು ಕಡಿಮೆ. ಕತ್ತಲಿಗೆ ಅದು ಅಗಲವಾಗಬೇಕು. ನಾಡಿ ನಿಧಾನ. ಎದೆಯಲ್ಲಿ ಗೊರಗೊರ ಸದ್ದು. ಡಾಕ್ಟರು ಬಾಗಿ ನೋಡಿ, ಗುರುವಾರ ಕೊಟ್ಟ ಸೂಜಿಮದ್ದನ್ನೇ ಮತ್ತೆ ಕೊಡಿಸಿದರು. ಅವರು ಮರಾಠಿಯವರು, ವಯಸ್ಸಾದವರು, ಸಾವಕಾಶದ ಮನುಷ್ಯ. ನನ್ನನ್ನು ಬಾಗಿಲ ಬಳಿ ಕರೆದು ತಗ್ಗಿದ ದನಿಯಲ್ಲಿ ಮಾತಾಡಿದರು. ಲಕ್ಷಣಗಳೆಲ್ಲ ವಿಷದವೇ, ಅದರಲ್ಲಿ ಸಂಶಯವಿಲ್ಲ, ಆದರೆ ವಿಷ ಎಲ್ಲಿಂದ ಬಂತೆಂದು ಹೇಳಲಾಗದಿದ್ದರೆ ಮಾಲಕನ ಬಾಯಿ ಮುಚ್ಚಿಸುವುದು ಹೇಗೆ ಎಂದರು. ಬದಲಿಗೆ ಪಂಪು ಹೊತ್ತವನು ಆದಿತ್ಯವಾರವೇ ಊರಿಗೆ ಓಡಿಹೋಗಿದ್ದನಂತೆ. ಹೇಗೂ ಎದ್ದು ನಿಲ್ಲುವಂತಾದರೆ ಇವನನ್ನೇ ನಾಳೆ ಸಾಲಿಗೆ ಹಚ್ಚುತ್ತಾರೆ. ಹಚ್ಚಿದರೆ ಮೂರನೆಯ ಸಲ ಬೀಳುತ್ತಾನೆ.

“ತೀಸರ‍್ಯಾಂದಾ ಉಠಣಾರ್ ನಾಹೀ, ಸಿಸ್ಟರ್,” ಎಂದರು. ಮೂರನೆಯ ಸಲ ಏಳಲಾರ.

ನಾನು ಕ್ರಮದಂತೆ ಕೆಲಸ ಹಿಡಿದೆ. ಮೊದಲು ಬಟ್ಟೆ ಬಿಚ್ಚಬೇಕು, ಸಾಬೂನು ಹಚ್ಚಿ ಮೈ ತೊಳೆಯಬೇಕು. ಅಂಗಿಯ ಗುಂಡಿ ತೆಗೆಯುತ್ತಿದ್ದಂತೆ ಮೂಗಿಗೆ ಹಳಸಿದ ಬೆಳ್ಳುಳ್ಳಿಯಂಥ ವಾಸನೆ ಬಡಿಯಿತು. ಪಂಪಿನವರ ಮೈಯಿಂದ ಬರುವ ವಾಸನೆ ಅದು. ಗುರುವಾರ ಇದೇ ಅಂಗಿಯನ್ನು ತೊಳೆಯಲು ಹೇಳಿ ಕಳಿಸಿದ್ದೆ.

“ಅಂಗಿ ತೊಳದಿಲ್ಲೇನವಾ?”

“ತೊಳದೀನ್ರಿ ಅಕ್ಕಾರ. ಕಾಲಿವ್ಯಾಗ ಬಡಿದು ಬಡಿದು ತೊಳದೀನಿ. ಇರೂದು ಇದೊಂದಽ ಅದ. ಈ ವಾಸನಿ ಹೋಗೂ ವಾಸನಿ ಅಲ್ರಿ.”

ಸರಿ, ಅಂಗಿಯದೂ ಸ್ವಲ್ಪ ಪಾಲಿರಬಹುದು ಎಂದುಕೊಂಡೆ. ಆದರೆ ತೊಳೆದ ಅಂಗಿಯಿಂದ ಇಷ್ಟಾಗುವುದಿಲ್ಲ. ಬಕೆಟ್ಟಿಗೆ ನೀರು ತುಂಬಿಕೊಂಡು ಬಂದಾಗ ಹೆಂಡತಿ ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಸೊಂಟಕ್ಕೆ ಸಿಕ್ಕಿಸಿದ್ದ ಎಲೆಯಡಿಕೆ ಸಂಚಿ ಬಿಚ್ಚಿ, ಒಂದು ಕರಿಯ ಅರಿವೆಯ ಗಂಟನ್ನು ತೆಗೆಯುತ್ತಿದ್ದಳು. ಗಂಟಿನಲ್ಲಿ ಬೆಲ್ಲ ಇತ್ತು. ಒಂದು ತುಣುಕು ಮುರಿದು ಗಂಡನ ಬಾಯಿಗೆ ಒಯ್ದಳು. ನಾನು ಬಕೆಟ್ ಕೆಳಗಿಟ್ಟು ಅವಳ ಮಣಿಕಟ್ಟು ಹಿಡಿದೆ.

ಬೆಲ್ಲದಿಂದಲೂ ಅದೇ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು.

“ಬಿಡ್ರಿ ಅಕ್ಕಾರ, ಇದು ವಿಷಾ ಎಳೀತದ,” ಎಂದಳು. “ಸಾಲು ತಿರಗಿದ ಬೆಲ್ಲ ಇದು.”

“ಅಂದ್ರ?”

ಹೇಳಿದಳು. ಎಣ್ಣೆ ಹೊಡೆಯುವವರಿಗೆ ಕೆಲಸ ಮುಗಿದ ಮೇಲೆ ಬೆಲ್ಲ ಕೊಡುವ ರೂಢಿ ಎಲ್ಲ ತೋಟಗಳಲ್ಲೂ ಇತ್ತು, ಅದು ನನಗೂ ಗೊತ್ತಿದ್ದದ್ದೇ. ಬೆಲ್ಲ ಹೊಟ್ಟೆಯ ವಿಷವನ್ನು ಹೀರುತ್ತದೆ ಎಂಬ ನಂಬಿಕೆ. ಆದರೆ ಈ ತಂಡದವರು ಅದಕ್ಕೆ ತಮ್ಮದೊಂದನ್ನು ಸೇರಿಸಿದ್ದರು. ಸುಮ್ಮನೆ ಅಂಗಡಿಯಿಂದ ತಂದ ಬೆಲ್ಲಕ್ಕೆ ಶಕ್ತಿ ಇಲ್ಲವಂತೆ. ವಿಷದ ಜೊತೆ ಸಾಲು ತಿರುಗಿ ಬಂದ ಬೆಲ್ಲಕ್ಕೆ ಮಾತ್ರ ವಿಷದ ಗುರುತು ಹತ್ತುತ್ತದೆ, ಗುರುತು ಹತ್ತಿದರೆ ಮಾತ್ರ ಎಳೆಯುತ್ತದೆ. ಹಾಗಾಗಿ ಪಂಪಿನವನು ಮುಂಜಾನೆ ಒಂದು ಹೆಂಟೆ ಬೆಲ್ಲವನ್ನು ಅರಿವೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ಮೇಲೆ ಪಂಪು ಸೋರುತ್ತದೆ, ಕೆಳಗೆ ಬೆಲ್ಲ ನೆನೆಯುತ್ತದೆ. ಮಧ್ಯಾಹ್ನ ಎಲ್ಲರೂ ಸುತ್ತ ಕೂತಾಗ ಅವನೇ ತನ್ನ ಕೈಯಿಂದ ಮುರಿದು ಹಂಚುತ್ತಾನೆ. ಎಲ್ಲರ ಪಾಲಿನ ವಿಷ ಹೊತ್ತವನು ಅವನಲ್ಲವೇ, ಹಂಚುವ ಮಾನ ಅವನದು. ಹೆಂಗಸರು ಸೆರಗೊಡ್ಡಿ ತೆಗೆದುಕೊಳ್ಳುತ್ತಾರೆ, ಪ್ರಸಾದದ ಹಾಗೆ.

“ಇಂವ ಬಿದ್ದಮ್ಯಾಲ ಹೊಸಾ ಪಂಪಿನಾಂವ ನಮಗ ದಿನಾ ಜಾಸ್ತಿ ಕೊಟ್ಟಾನ್ರಿ. ಜಡ್ಡಾದಾಂವಗ ಹೆಚ್ಚು ಬೇಕಲ್ಲ. ಮುಂಜಾನಿ ಒಂದಿಷ್ಟು, ಸಂಜಿಕಿ ಒಂದಿಷ್ಟು ನಾನಽ ತಿನಿಸೀನಿ. ನಿನ್ನಿ ಬ್ಯಾಡಂದ. ಬೈದು ತಿನಿಸೀನಿ.”

ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ನನ್ನ ಮುಖ ನೋಡುತ್ತಿದ್ದಳು. ನಾನು ಅವಳ ಕೈ ಹಿಡಿದದ್ದನ್ನು ಇನ್ನೂ ಬಿಟ್ಟಿರಲಿಲ್ಲ.

“ಅಕ್ಕಾರ,” ಎಂದಳು, “ನಾ ತಿನಿಸಿದ್ದು ಏನದು?”

ಸುಳ್ಳು ಹೇಳುವುದು ಸುಲಭವಿತ್ತು. ಹೇಳಲಿಲ್ಲ. “ಎಣ್ಣಿ ಕುಡದ ಬೆಲ್ಲ. ನಿನಗ ಗೊತ್ತಿರಲಿಲ್ಲ. ಈಗ ಗೊತ್ತಾತು. ಬಾ, ಕೈ ತೊಳಿ.”

ಅವಳು ಅಳುತ್ತಾಳೆಂದು ನಾನು ಕಾದೆ. ಅವಳು ಅಳಲಿಲ್ಲ. ಕೈ ತೊಳೆದಳು, ನಾನು ತೋರಿಸಿದಂತೆ ಉಗುರಿನ ಸಂದಿಯನ್ನೂ ತೊಳೆದಳು. ಗಂಡನ ಮೈಗೆ ಸಾಬೂನು ಹಚ್ಚಿ, ಎರಡು ಬಕೆಟ್ ಸುರಿದು, ಕಂಪೌಂಡರನ ಹಳೆಯ ಧೋತರ ಹೊದಿಸಿದೆವು. ನಡುವೆ ಅವಳ ರೆಪ್ಪೆ ಎತ್ತಿ ನೋಡಿದೆ. ಅವಳ ಕಣ್ಣಿನ ಬೊಟ್ಟೂ ಸಾಸಿವೆಯಷ್ಟೇ ಇತ್ತು. ಡಾಕ್ಟರನ್ನು ಕರೆದು ತೋರಿಸಿದೆ. ಅವರು ಬೆಲ್ಲದ ಗಂಟನ್ನು ಮೂಸಿ, ಮೂಗು ಹಿಂದಕ್ಕೆ ಎಳೆದುಕೊಂಡು, ಕನ್ನಡಕ ತೆಗೆದು ಒರೆಸಿದರು.

“ತೋಟದಲ್ಲಿ ಇವತ್ತೂ ಹಂಚುತ್ತಾರಾ?” ಎಂದು ಮರಾಠಿಯಲ್ಲಿ ಕೇಳಿದರು.

“ಹೊತ್ತು ನೆತ್ತಿಗೆ ಬಂದಕೂಡ್ಲೇ,” ಎಂದಳು ಅವಳು. “ಸನಿವಾರದ್ದು ಒಂದು ಹೆಂಟಿ ಉಳದದ.”

ಡಾಕ್ಟರು ನನ್ನನ್ನು ನೋಡಿದರು. ದವಾಖಾನೆ ಬಿಟ್ಟು ಹೊರಗೆ ಹೋಗುವುದು ನನ್ನ ಕೆಲಸವಲ್ಲ. ಹಾಗೆ ಹೋದವರಲ್ಲ ನಾವು. “ನಾನು ಹೋಗಿ ಬರ‍್ತೇನೆ,” ಎಂದೆ. “ಹೋಗಿ. ಇವನನ್ನು ನಾನು ನೋಡಿಕೊಳ್ಳುತ್ತೇನೆ. ಸಂಜೆಯೊಳಗೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಗಾಡಿ ಹುಡುಕಿ,” ಎಂದರು. ಹೆಂಡತಿಗೆ ಅಲ್ಲೇ ಕೂತುಕೊಳ್ಳಲು ಹೇಳಿದೆ. “ಕೂಡಂಗಿಲ್ಲ,” ಎಂದಳು. ಗಂಡನ ಹಣೆ ಮುಟ್ಟಿ ನನ್ನ ಹಿಂದೆ ಹೊರಟಳು.

ಹೊರಗೆ ಮುಕಾದಮ ಬೀಡಿ ಸೇದುತ್ತಿದ್ದ. ಬೆಲ್ಲದ ಸಂಗತಿ ಹೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕ.

“ಬೆಲ್ಲ ತಿಂದ್ರ ಸಾಯ್ತಾರ ಅನ್ನೂ ದವಾಖಾನಿ ಇದೊಂದಽ ನೋಡ್ರಿ. ನಮ್ಮಪ್ಪ ತಿಂದಾನ, ನಾ ತಿಂದೀನಿ. ಗಾಡಿ ಏರ್ರಿ, ಏರ್ರಿ. ತ್ವಾಟಾನೂ ನೋಡಿ ಬರೀರಂತ.”

ಗಾಡಿ ಕಾಲುವೆಯ ದಾರಿಯಲ್ಲಿ ಹೋಯಿತು. ನನ್ನ ಮಡಿಲಲ್ಲಿ ಎರಡು ಸಾಬೂನಿನ ಬಿಲ್ಲೆ, ಒಂದು ಸಣ್ಣ ಬ್ಯಾಟರಿ ದೀಪ. ದಾರಿಯುದ್ದಕ್ಕೂ ಮುಕಾದಮ ಎತ್ತುಗಳ ಜೊತೆ ಮಾತಾಡಿದ, ನಮ್ಮ ಜೊತೆ ಇಲ್ಲ.

ನಾವು ಮುಟ್ಟಿದಾಗ ತಂಡದವರು ಚಪ್ಪರದ ನೆರಳಿನಲ್ಲಿ ರೊಟ್ಟಿ ಬಿಚ್ಚುತ್ತಿದ್ದರು. ಹತ್ತಾರು ಹೆಂಗಸರು, ಐದಾರು ಗಂಡಸರು. ಬೆಳಿಗ್ಗೆ ಒಬ್ಬ ಗಂಡಸು ಒಲ್ಲದ ಮನಸ್ಸಿನಿಂದ ಪಂಪು ಹೊತ್ತು ಒಂದು ಸಾಲು ಮುಗಿಸಿದ್ದ. ಅವನ ಸೊಂಟದಲ್ಲಿ ಗಂಟು ಇತ್ತು. ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಮಾಲಕ ಜೀಪಿನ ಬಳಿ ನಿಂತಿದ್ದ, ಬಿಳಿ ಟೋಪಿ, ಬಿಳಿ ಧೋತರ.

“ಯಾರೂ ಬೆಲ್ಲ ಮುಟ್ಟಬ್ಯಾಡ್ರಿ,” ಎಂದೆ. “ಮೊದಲ ಕೈ ತೊಳೀರಿ, ಆಮ್ಯಾಲ ರೊಟ್ಟಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈ ತೊಳೆಯಲು ನೀರೆಲ್ಲಿ? ಇದ್ದದ್ದು ಕುಡಿಯಲು ತಂದ ಒಂದು ಕೊಡ. ಅದೂ ಎಣ್ಣೆಯ ಖಾಲಿ ಡಬ್ಬಿಗೆ ತಂತಿ ಕಟ್ಟಿ ಮಾಡಿದ ಚೆಂಬಿನಿಂದ ಮೊಗೆಯುವಂಥದು. ನಾನು ಆ ಡಬ್ಬಿಯನ್ನು ಎತ್ತಿ ದೂರ ಎಸೆದೆ. ಈಗ ಮಾಲಕ ನಮ್ಮತ್ತ ಬಂದ.

“ಬಾಈ, ಹೀ ಮಾಝೀ ಜಮೀನ್ ಆಹೇ,” ಎಂದ. ಇದು ನನ್ನ ಜಮೀನು.

“ನಿಮ್ಮ ಜಮೀನು. ಅವರ ಹೊಟ್ಟೆ,” ಎಂದು ಮರಾಠಿಯಲ್ಲೇ ಉತ್ತರ ಕೊಟ್ಟೆ. “ಹೊಟ್ಟೆ ನಮ್ಮ ದವಾಖಾನೆಗೆ ಬರುತ್ತದೆ. ಅದಕ್ಕೇ ಬಂದಿದ್ದೇನೆ.”

ಅವನಿಗೆ ಮರಾಠಿಯಲ್ಲಿ ತಿರುಗಿ ಮಾತಾಡುವ ಕನ್ನಡದ ನರ್ಸಿನ ರೂಢಿ ಇರಲಿಲ್ಲ. ಮುಕಾದಮನ ಕಡೆ ನೋಡಿದ. ಮಾಲಕನ ಎದುರು ತನ್ನ ಮಂದಿಯನ್ನು ಹತೋಟಿಯಲ್ಲಿಡಲಾಗದವನು ಎಂದು ಕಾಣುವುದು ಮುಕಾದಮನಿಗೆ ಬೇಡವಾಗಿತ್ತು. ಅವನು ನಡುವೆ ಬಂದು, ಪಂಪಿನವನ ಸೊಂಟದ ಗಂಟು ಬಿಚ್ಚಿ, ಬೆಲ್ಲದ ಹೆಂಟೆಯನ್ನು ಎತ್ತಿ ಹಿಡಿದ.

“ನೋಡ್ರಪ್ಪಾ, ಈ ಬೆಲ್ಲ ವಿಷಾ ಅಂತ! ನಾ ನಿಮ್ಮೆದುರಿಗೇ ತಿಂತೀನಿ. ಇಡೀ ಹೆಂಟಿ ತಿಂತೀನಿ. ಸತ್ರ ಬಾಯಾರು ಖರೆ, ಬದುಕಿದ್ರ ನಾ ಖರೆ.”

ಇದು ಬರೀ ಜಂಬವಲ್ಲ, ಅವನು ಅದನ್ನು ನಂಬಿದ್ದ. ದಿನವೂ ಎಲ್ಲರೊಡನೆ ತಿನ್ನುತ್ತಿದ್ದವನೇ. ಹೆಂಟೆ ಬಾಯಿಗೆ ಹೋಯಿತು. ನಾನು ಕೂಗುವ ಮೊದಲೇ ಅವನ ಸೋದರಸೊಸೆ ಎರಡು ಹೆಜ್ಜೆಯಲ್ಲಿ ಹೋಗಿ ಅವನ ಕೈಗೆ ಫಟಾರನೆ ಹೊಡೆದಳು. ಬೆಲ್ಲ ಮಣ್ಣಿಗೆ ಬಿತ್ತು.

ಸೋದರಮಾವನ ಕೈಗೆ ಹೊಡೆದಿದ್ದಳು, ಅದೂ ನಾಲ್ಕು ಜನರೆದುರು. ಒಬ್ಬ ಮುದುಕಿ “ಯವ್ವಾ!” ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಮುಕಾದಮನ ಕಣ್ಣು ಕೆಂಪಾಯಿತು.

“ನನ್ನ ಮ್ಯಾಲ ಕೈ ಮಾಡ್ತಿ?”

“ಮಾಡ್ತೀನಿ. ಇನ್ನೊಮ್ಮಿ ಎತ್ತಿದ್ರ ಇನ್ನೊಮ್ಮಿ ಮಾಡ್ತೀನಿ. ನನ ಕೈಯಿಂದಽ ಗಂಡಗ ತಿನಿಸೀನಿ ಮಾಮಾ, ನಾಕು ದಿವಸ ತಿನಿಸೀನಿ. ಅಲ್ಲಿ ಬಾಯಾಗ ಬುರುಗು ಸುರಿಸ್ಕೋತ ಬಿದ್ದಾನ. ನೀನೂ ಬಿದ್ರ ನಮ್ಮನ್ನ ಊರಿಗಿ ಕರಕೊಂಡು ಹೋಗಾವ್ರು ಯಾರು? ಈ ಟೊಪಗಿ ಅಪ್ಪನೇನು?”

ಟೋಪಿಯ ಮಾತು ಮಾಲಕನಿಗೆ ಅರ್ಥವಾಗಲಿಲ್ಲ, ತಂಡಕ್ಕೆ ಅರ್ಥವಾಯಿತು. ಎಲ್ಲೋ ಹಿಂದಿನಿಂದ ಒಂದು ನಗೆ ಕೇಳಿಬಂತು.

ಆ ನಗೆ ಆರುವ ಮೊದಲು ನಾನು ಮುಕಾದಮನ ಗದ್ದ ಹಿಡಿದು ನೆರಳಿಗೆ ತಿರುಗಿಸಿದೆ. “ಅಲ್ಲಾಡಬ್ಯಾಡ್ರಿ,” ಎಂದೆ, ವಾರ್ಡಿನಲ್ಲಿ ಹೇಳುವ ಹಾಗೆ. ಆ ದನಿಗೆ ಜನ ಯಾಕೋ ಕೇಳುತ್ತಾರೆ. ಬ್ಯಾಟರಿ ದೀಪ ಹಿಡಿದೆ. ಹೆಂಗಸರನ್ನು ಹತ್ತಿರ ಕರೆದು ಅವನ ಕಣ್ಣು ತೋರಿಸಿದೆ. ಆಮೇಲೆ ಮಾಲಕನನ್ನು ಕೇಳಿಕೊಂಡೆ, ಸಿಟ್ಟು ಬೇಡ, ಒಂದು ಸಲ ನಿಮ್ಮ ಕಣ್ಣನ್ನೂ ತೋರಿಸಿ ಎಂದು. ಅವನಿಗೆ ಏನನ್ನಿಸಿತೋ, ಬಾಗಿದ. ಅವನ ಕಣ್ಣಿನ ಬೊಟ್ಟು ನೆರಳಿಗೆ ಸರಿಯಾಗಿ ಅಗಲಿತ್ತು, ಹುಣಸೆಬೀಜದ ಹೊಳಪಿನಲ್ಲಿ. ಮುಕಾದಮನದು ಸಾಸಿವೆ.

“ನೆರಳಾಗ ಎಲ್ಲಾರ ಕಣ್ಣೂ ಮಾಲಕರ ಕಣ್ಣಿನಂಗ ಇರಬೇಕು,” ಎಂದೆ. “ಎಣ್ಣಿ ಒಳಗ ಹೋದ್ರ ಹಿಂಗ ಸಣ್ಣ ಆಗ್ತಾವ. ನಿಮ್ಮ ನಿಮ್ಮವು ನೀವಽ ನೋಡಿಕೊಳ್ರಿ.”

ಆಮೇಲಿನದನ್ನು ನೆನೆದರೆ ಈಗಲೂ ನನಗೆ ಹುರುಪು ಬರುತ್ತದೆ. ದ್ರಾಕ್ಷಿ ಚಪ್ಪರದ ಕೆಳಗೆ ಅಷ್ಟೂ ಹೆಂಗಸರು ಒಬ್ಬರ ಗದ್ದ ಒಬ್ಬರು ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನಿಂತರು.

“ತಗಿಯಽ, ರೆಪ್ಪಿ ತಗಿ. ನಿನ ಗಂಡ ನೋಡಂಗ ನೋಡಬ್ಯಾಡ.”

“ಏ, ನಿನ ಕಣ್ಣಾಗ ಏನೂ ಇಲ್ಲಽ! ಬರೇ ಬಿಳೀದು.”

“ನಿನ್ನವರ ಏನು ದೊಡ್ಡವು ಅದಾವ? ಇರುವಿ ಕಣ್ಣು!”

“ಅದಕಽ ಏನವಾ, ಹೊತ್ತು ಮುಣಗೂದರಾಗ ನನಗ ದಾರಿ ಕಾಣಂಗಿಲ್ಲ. ಚಾಳೀಸ ಬಂತು ಅಂತ ಅತ್ತಿದ್ನಲ್ಲ.”

“ತಲಿ ನೋಯ್ತದ ಅಂದ್ರ ನನ್ನತ್ತಿ ಕೆಲಸಗಳ್ಳಿ ಅಂದ್ಳು. ಅತ್ತೀ, ಬಾ ಇಲ್ಲಿ, ನಿನ್ನ ಕಣ್ಣು ತೋರ್ಸು.”

ಅತ್ತೆಯ ಕಣ್ಣೂ ಹಾಗೇ ಇತ್ತು. ನಗೆ ನಿಂತುಹೋಯಿತು. ಎಣ್ಣೆ ಮುಟ್ಟದವರು ಒಬ್ಬರೂ ಅಲ್ಲಿರಲಿಲ್ಲ. ಸೆರಗಿನಲ್ಲಿ ಕಚ್ಚಿದ್ದರು, ಬೆಲ್ಲದಲ್ಲಿ ತಿಂದಿದ್ದರು, ಎಲೆಯ ಹನಿಯಲ್ಲಿ ಮೈಗೆ ಇಳಿಸಿಕೊಂಡಿದ್ದರು. ಮುಕಾದಮ ಮಾತ್ರ ಬೆಲ್ಲ ಬಿದ್ದ ಜಾಗವನ್ನೇ ನೋಡುತ್ತ ನಿಂತಿದ್ದ.

ಮಾಲಕ ಗಡಿಯಾರ ನೋಡಿ, ಆಯಿತಲ್ಲ ತಮಾಷೆ, ಇನ್ನು ಏಳಿರಿ ಎಂದ. ಹಿಟ್ಟಿನಂಥ ಬಿಳಿ ಹುಳ ಗೊಂಚಲಿಗೆ ಏರುತ್ತಿದೆ, ಎರಡು ದಿನ ತಡವಾದರೆ ತೋಟ ಕೈಬಿಟ್ಟ ಹಾಗೆ. ಸುಳ್ಳಲ್ಲ. ಹುಳವನ್ನು ನಾನೂ ಕಂಡೆ.

ಯಾರೂ ಏಳಲಿಲ್ಲ. ಯಾರೂ ಕೂಡಿ ಮಾತಾಡಿಕೊಂಡದ್ದಿಲ್ಲ. ಮೊದಲು ಆ ಮುದುಕಿ ಕತ್ತರಿಯನ್ನು ಸೆರಗಿನಿಂದ ಬಿಚ್ಚಿ ನೆಲಕ್ಕಿಟ್ಟಳು. ಪಕ್ಕದವಳು ಇಟ್ಟಳು. ಪಂಪು ಹೊತ್ತಿದ್ದವನು ಬೆಲ್ಟು ಬಿಚ್ಚಿ, ಪಂಪನ್ನು ಚಪ್ಪರದ ಕಂಬಕ್ಕೆ ಆನಿಸಿ, ಹೆಂಗಸರ ಸಾಲಿನಲ್ಲೇ ಬಂದು ಕೂತ.

“ಕಾಯ್ ಪಾಹಿಜೇ ತುಮ್ಹಾಲಾ?” ಏನು ಬೇಕು ನಿಮಗೆ ಎಂದು ಮಾಲಕ ಕೇಳಿದ್ದು ಮುಕಾದಮನನ್ನು. ಉತ್ತರ ಕೊಟ್ಟವಳು ಅವನ ಸೋದರಸೊಸೆ. ಮನೆಯಲ್ಲಿ ಆಡುವ ಕನ್ನಡಕ್ಕೆ ಸಂತೆಯ ಮರಾಠಿ ಬೆರೆಸಿ ಹೇಳಿದಳು. ನೀರಿನ ಪೀಪಾಯಿ ಬೇಕು. ಸಾಬೂನು ಬೇಕು. ಎಲೆ ಒಣಗುವ ತನಕ ಹೆಂಗಸರು ಒಳಗೆ ಹೋಗುವುದಿಲ್ಲ. ತನ್ನ ಗಂಡ ಇನ್ನು ಪಂಪು ಹೊರುವುದಿಲ್ಲ. ಅವನನ್ನು ಈಗಲೇ ಈ ಜೀಪಿನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

“ಜೀಪಿನಲ್ಲಿ?” ಎಂದ ಮಾಲಕ. ಉಳಿದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ತಾಕಿದಂತೆ ಕಂಡಿತು.

“ಜೀಪಿನಾಗ. ಮುಂದಿನ ಸೀಟಿನ್ಯಾಗ,” ಎಂದಳು.

“ಪಂಪು ಹೊರದವ ಏನು ಮಾಡ್ತಾನ?” ಮುಕಾದಮ ಕೊನೆಗೂ ಬಾಯಿ ತೆಗೆದ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. “ಹಣ್ಣಿಗೆ ಬರೂ ಹಕ್ಕಿ ಹೊಡಿತಾನೇನು? ಅದು ಮುದುಕರ ಕೆಲಸ.”

“ಹೊಡೀಲಿ. ಮುದುಕ ಆಗೂ ತನಕ ಬದುಕಲಿ ಮೊದಲ.”

ಮಾಲಕ ತುಂಬ ಹೊತ್ತು ಮಾತಾಡಿದ. ಬರುವ ವರ್ಷ ಈ ತಂಡವನ್ನು ಕರೆಯುವುದಿಲ್ಲ ಎಂದ, ಭೋರ್ ಕಡೆಯ ಮಂದಿ ಬೇಕಾದಷ್ಟು ಸಿಗುತ್ತಾರೆ ಎಂದ, ನನ್ನ ಮೇಲೆ ದೂರು ಕೊಡುತ್ತೇನೆ ಎಂದ. ದೂರು ಯಾರಿಗೆ ಕೊಡಬೇಕೆಂದು ನಾನೇ ಹೇಳಿಕೊಟ್ಟೆ. ಕೊನೆಗೆ ಒಂದು ಪೀಪಾಯಿ ತರಿಸಿದ, ಕಾಲುವೆಯಿಂದ ತುಂಬಿಸಿದರು. ಜೀಪನ್ನೂ ಡ್ರೈವರನೊಡನೆ ಕೊಟ್ಟ. ಎಲೆ ಒಣಗುವ ಮಾತಿಗೆ ಅವನು ಒಪ್ಪಲಿಲ್ಲ. ಇವತ್ತು ಮಾತ್ರ ಎಂದ. ಕೈಗವಸಿನ ಮಾತಂತೂ ಬರಲೇ ಇಲ್ಲ, ಆ ಹೆಸರನ್ನೇ ಅವರು ಕೇಳಿರಲಿಲ್ಲ. ಮರುವರ್ಷ ಮಾತಿಗೆ ತಪ್ಪದೆ ತಂಡವನ್ನು ಕರೆಯಲೂ ಇಲ್ಲ. ಅವರು ಹೋಗಿ ಬೇರೆ ತೋಟ ಹಿಡಿದರು. ಅಲ್ಲಿ ಮೊದಲ ದಿನವೇ ಪೀಪಾಯಿ ಕೇಳಿದರಂತೆ. ಗೆದ್ದರೆಂದು ನಾನು ಹೇಳುವುದಿಲ್ಲ. ಬೆಲ್ಲ ಸಾಲು ತಿರುಗುವುದು ಮಾತ್ರ ಆ ತಂಡದಲ್ಲಿ ಅಂದಿಗೇ ನಿಂತಿತು. ಮಣ್ಣಿಗೆ ಬಿದ್ದ ಹೆಂಟೆಯನ್ನು ಮುಕಾದಮ ತಾನೇ ಎರಡು ಕಡ್ಡಿಯಿಂದ ಎತ್ತಿ ಅರಿವೆಗೆ ಹಾಕಿದ.

ಜೀಪು ನಮ್ಮಿಬ್ಬರನ್ನೂ ಮುಕಾದಮನನ್ನೂ ದವಾಖಾನೆಗೆ ತಂದಾಗ ಬಿಸಿಲು ಇಳಿದಿತ್ತು. ಡಾಕ್ಟರು ಊಟಕ್ಕೂ ಹೋಗಿರಲಿಲ್ಲ. ರೋಗಿಯ ಎದೆಯ ಗೊರಗೊರ ಸದ್ದು ಕಡಿಮೆಯಾಗಿತ್ತು, ಬಾಯಿ ಒಣಗಿತ್ತು, ಕಣ್ಣಿನ ಬೊಟ್ಟು ಅಗಲವಾಗತೊಡಗಿತ್ತು. ಸೂಜಿಮದ್ದು ಹಿಡಿದ ಗುರುತು. ಹೆಂಡತಿಯನ್ನು ಕಂಡು ನಾಲಿಗೆ ಹೊರಳಿಸಿ, “ನೀರು,” ಎಂದ.

“ಕೊಡ್ತೀನಿ. ಕೈ ತೊಳಕೊಂಡು ಕೊಡ್ತೀನಿ,” ಎಂದಳು. ತೊಳೆದುಕೊಂಡೇ ಕೊಟ್ಟಳು, ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ, ನಾನು ಹೇಳಿದಷ್ಟೇ.

“ನಾಳಿ ಪಂಪು...” ಎಂದು ಅವನು ಏನೋ ಹೇಳಹೊರಟ.

“ನಿನ್ನ ಪಂಪು ಕಂಬಕ್ಕ ನಿಂತದ, ಅಲ್ಲೇ ನಿಲ್ಲಲಿ. ನೀ ಇನ್ನ ಹಕ್ಕಿ ಹೊಡಿಯಾಂವ. ಸುಮ್ಮ ಮಲಗು.”

ಡ್ರೈವರ್ ಹಿಂದಿನ ಬಾಗಿಲು ತೆರೆದ. ಅವಳು ಮುಂದಿನದನ್ನು ತೆರೆದಳು. ಅವನನ್ನು ಅಲ್ಲೇ ಒರಗಿಸಿದೆವು. ಹೆಂಡತಿ ಹಿಂದೆ ಕೂತು ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಡಾಕ್ಟರು ತಾವೇ ಜೊತೆಗೆ ಹೊರಟರು, ಸೂಜಿ ಮತ್ತು ಮದ್ದಿನ ಪೆಟ್ಟಿಗೆ ತೊಡೆಯ ಮೇಲೆ. ಜೀಪು ರಸ್ತೆಗೆ ತಿರುಗುವ ತನಕ ಅವಳ ಗಟ್ಟಿ ದನಿ ಕೇಳುತ್ತಿತ್ತು. ಡ್ರೈವರನಿಗೆ ಗುಂಡಿ ತಪ್ಪಿಸಿ ಓಡಿಸಲು ಹೇಳುತ್ತಿದ್ದಳು.

ಮುಕಾದಮ ಹೋಗದೆ ಉಳಿದಿದ್ದ. ಕೈಯಲ್ಲಿ ಬೆಲ್ಲದ ಗಂಟು. ಎಲ್ಲಿ ಚೆಲ್ಲಬೇಕೆಂದು ಕೇಳಿದ. ಕಾಲುವೆಗೆ ಬೇಡ, ತಿಪ್ಪೆಗೂ ಬೇಡ, ನಾಯಿ ತಿಂದೀತು, ಹೂಳಬೇಕು ಎಂದೆ. ಗಂಡನ ಅಂಗಿಯನ್ನೂ ಹೆಂಡತಿಯ ಸಂಚಿಯ ಗಂಟನ್ನೂ ತಂದು ಅವನೆದುರಿಗೆ ಇಟ್ಟೆ. ಪಕ್ಕದ ಗ್ಯಾರೇಜಿನಿಂದ ಸಲಿಕೆ ಇಸಿದುಕೊಂಡು ಬಂದೆ. ದವಾಖಾನೆಯ ಹಿಂದೆ, ಬಾವಿಯಿಂದ ದೂರದ ಮೂಲೆ ತೋರಿಸಿದೆ. ರುಮಾಲು ತೆಗೆದಿಟ್ಟು ಅಗೆಯತೊಡಗಿದ.

ಮೊಣಕಾಲ ಮಟ್ಟ ಆದಮೇಲೆ ನಿಂತ. “ಸಾಕಲ್ರಿ?”

“ಇನ್ನೂ ಆಳ.”

“ಬೆಲ್ಲಾನೋ ಹೆಣಾನೋ ಬಾಯಾರ ಇದು?”

“ತೋಡ್ರಿ.”

ಅವನು ತೋಡಿದ. ಸೊಂಟದ ಮಟ್ಟ ಆಯಿತು. ಅಂಗಿ, ಎರಡು ಗಂಟು ಒಳಗೆ ಹೋದವು. ಮೇಲೆ ಸುಣ್ಣದ ಪುಡಿ ಹಾಕಿಸಿದೆ. ಮಣ್ಣು ಎಳೆದು ಕಾಲಿನಿಂದ ಗಟ್ಟಿಯಾಗಿ ತುಳಿಯಲು ಹೇಳಿದೆ. ಅವನು ಸುತ್ತ ಸುತ್ತ ತುಳಿದ, ತುಳಿಯುತ್ತ ಒಮ್ಮೆ ಮೂಗೊರೆಸಿಕೊಳ್ಳಲು ಕೈ ಎತ್ತಿದ. ನಾನು ನೋಡಿದೆ, ಕೈ ಇಳಿಸಿದ. ಅವನನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಮೊಣಕೈ ತನಕ ತೊಳೆಸಿ, ನಾಳೆ ಬಂದು ಕಣ್ಣು ತೋರಿಸಬೇಕೆಂದು ಹೇಳಿ ಕಳಿಸಿದೆ. ಬೆಂಚು, ನೆಲ, ಬಕೆಟ್ಟುಗಳನ್ನು ಸೋಡಾ ಹಾಕಿ ಉಜ್ಜಿದೆ. ಕೊನೆಗೆ ಸಲಿಕೆಯನ್ನು ಹಿಡಿಯ ಸಮೇತ ತೊಳೆದು, ಒಣ ಅರಿವೆಯಿಂದ ಒರೆಸಿ, ಗ್ಯಾರೇಜಿನವರು ಮುಚ್ಚುವ ಮೊದಲು ಒಯ್ದು ಕೊಟ್ಟೆ.